ದೊಡ್ಡಪ್ಪನ ಪದ್ಯ ರೆಕಾರ್ಡ್ ಮಾಡುವಾಗ ಕೇಳಿಸಿದ ಸದ್ದುಗಳು

ದೊಡ್ಡಪ್ಪನಿಗೆ ಈಗ 74. ನಲವತ್ತು ವರ್ಷ ಯಕ್ಷಗಾನದಲ್ಲಿ ಭಾಗವತಿಕೆ ಮಾಡಿದವರು, ಅಂದರೆ ಪದ್ಯ ಹಾಡಿ ಆಟ ನಡೆಸಿದವರು. ಕಳೆದ ಮಳೆಗಾಲದಲ್ಲಿ ಕೆಮ್ಮು ಹಿಡಿದು ಎರಡು ತಿಂಗಳು ಅವರ ದನಿಯೇ ಏಳಲಿಲ್ಲ. ಆಗ ನನಗೆ ಹೆದರಿಕೆಯಾಯಿತು. ಅವರಿಗೆ ಬರುವ ಪದ್ಯಗಳನ್ನೆಲ್ಲ ಮನೆಯಲ್ಲೇ ಕೂತು ರೆಕಾರ್ಡ್ ಮಾಡಿಬಿಡಬೇಕು ಅನ್ನಿಸಿತು. ನಮ್ಮದು ಹೊನ್ನಾವರ ತಾಲ್ಲೂಕು. ಇಲ್ಲೇ ಗುಣವಂತೆಯಲ್ಲಿ ಕೆರೆಮನೆ ಮೇಳ ಹುಟ್ಟಿದ್ದು 1934ರಲ್ಲಿ. ಆ ಕಾಲದಲ್ಲಿ ಊರೂರಲ್ಲಿ ಹಾಡಿದ ಎಷ್ಟೋ ಭಾಗವತರ ದನಿಯನ್ನು ಇವತ್ತು ಕೇಳುವ ದಾರಿಯೇ ಇಲ್ಲ. ದೊಡ್ಡಪ್ಪನ ದನಿಗೂ ಹಾಗೆ ಆಗುವುದು ಬೇಡವಾಗಿತ್ತು.

ಮೈಕಿನ ದನಿಯನ್ನು ಕಂಪ್ಯೂಟರಿಗೆ ಕೊಡುವ, ಎರಡು ಮೈಕ್ ಸಿಕ್ಕಿಸಬಹುದಾದ ಒಂದು ಯುಎಸ್‌ಬಿ ಆಡಿಯೋ ಇಂಟರ್ಫೇಸ್, ಒಂದು ಕಂಡೆನ್ಸರ್ ಮೈಕ್, ಒಂದು ಹೆಡ್‌ಫೋನ್ ತರಿಸಿದೆ. ಲ್ಯಾಪ್‌ಟಾಪ್ ಮೊದಲೇ ಇತ್ತು. ಎಲ್ಲ ಜೋಡಿಸಿ, ದೊಡ್ಡಪ್ಪನನ್ನು ಕೂರಿಸಿ, ಮೈಕಿಗೆ ಬೇಕಾದ 48 ವೋಲ್ಟಿನ ಗುಂಡಿ ಒತ್ತಿದೆ. ಇಂಟರ್ಫೇಸಿನ ದೀಪ ಒಮ್ಮೆ ಮಂಕಾಗಿ ಆರಿಹೋಯಿತು. ಕಂಪ್ಯೂಟರಿನಲ್ಲಿ ಅದರ ಹೆಸರೇ ಮಾಯ. ಮತ್ತೆ ಸಿಕ್ಕಿಸಿದರೆ ಬರುತ್ತದೆ, ಗುಂಡಿ ಒತ್ತಿದರೆ ಹೋಗುತ್ತದೆ. ಅರ್ಧ ಗಂಟೆ ಕಾದ ದೊಡ್ಡಪ್ಪ ತಾಳ ಕೆಳಗಿಟ್ಟು ಎದ್ದು ಹೋದರು.

ಯಂತ್ರವೇ ಹಾಳು ಅಂತ ವಾಪಸ್ ಕಳಿಸಲು ಹೊರಟಿದ್ದೆ. ಆದರೆ ತಪ್ಪು ಇದ್ದದ್ದು ಮಧ್ಯದಲ್ಲಿ. ಲ್ಯಾಪ್‌ಟಾಪಿನ ಎರಡೇ ತೂತು ಸಾಲದು ಅಂತ ಒಂದು ತೂತನ್ನು ಹಲವು ಮಾಡುವ ಒಂದು ಯುಎಸ್‌ಬಿ ಹಬ್ ಹಾಕಿದ್ದೆ. ಯುಎಸ್‌ಬಿ 2.0 ತೂತು ನೇರವಾಗಿ 500 ಮಿಲಿಆಂಪ್ ವರೆಗೆ ಕರೆಂಟ್ ಕೊಡುತ್ತದೆ. ತನ್ನದೇ ಅಡಾಪ್ಟರ್ ಇಲ್ಲದ ಹಬ್ ಅದನ್ನೇ ಹಂಚಬೇಕು. ನಿಯಮದ ಪ್ರಕಾರ ಅದರ ಒಂದೊಂದು ತೂತಿಗೆ ಬರುವುದು 100 ಮಿಲಿಆಂಪ್. ಸುಮ್ನೆ ದೀಪ ಉರಿಸಲು ಅಷ್ಟು ಸಾಕಾಗುತ್ತಿತ್ತೇನೋ. 5 ವೋಲ್ಟನ್ನು 48ಕ್ಕೆ ಏರಿಸಿ ಮೈಕಿಗೆ ಕೊಡು ಅಂದರೆ ಅದು ಕೈಚೆಲ್ಲಿತು. ಹಬ್ ತೆಗೆದು, ಉದ್ದದ ತೆಳು ವಯರ್ ಬಿಟ್ಟು, ಒಂದು ಮೀಟರಿನ ಗಟ್ಟಿ ವಯರಿನಲ್ಲಿ ನೇರ ಸಿಕ್ಕಿಸಿದೆ. ಆಮೇಲೆ ದೀಪ ಒಮ್ಮೆಯೂ ಮಂಕಾಗಲಿಲ್ಲ.

ಮಾರನೇ ದಿನ ಮೂರು ಪದ್ಯ ಸಲೀಸಾಗಿ ಆದವು. ರಾತ್ರಿ ಕೂತು ಕೇಳಿದರೆ ನಡುನಡುವೆ ಚಟ್, ಚಟ್. ಅಪ್ಪಟ ಆಲಾಪದ ಮಧ್ಯೆ ಒಲೆಯಲ್ಲಿ ಕಟ್ಟಿಗೆ ಸಿಡಿದ ಹಾಗೆ.

ಇಲ್ಲಿ ನಾನು ಕಲಿತ ಒಂದು ಕೆಲಸ ಹೇಳುತ್ತೇನೆ, ಇದು ನನಗೆ ಎಷ್ಟೋ ದಿನ ಉಳಿಸಿದೆ. ಸದ್ದು ಬಂದ ಜಾಗವನ್ನು ಪರದೆ ಮೇಲೆ ಹಿಗ್ಗಿಸಿ ನೋಡಿ. ಅಲೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಥಟ್ಟನೆ ತುಂಡಾಗಿ ಬೇರೆ ಎತ್ತರದಲ್ಲಿ ಶುರುವಾಗಿದ್ದರೆ, ಮೊದಲು ಕಂಪ್ಯೂಟರಿನ ಕಡೆ ನೋಡಬೇಕು. ಬಂದ ದನಿಯನ್ನು ಅದು ಸಮಯಕ್ಕೆ ಸರಿಯಾಗಿ ಎತ್ತಿಕೊಂಡಿಲ್ಲ. ಅಲೆ ತುಂಡಾಗದೆ ಅದರ ಮೇಲೆ ಮುಳ್ಳಿನ ಹಾಗೆ ಸದ್ದು ಕೂತಿದ್ದರೆ ಮೈಕು, ವಯರು, ಜಾಕ್ ಇವುಗಳ ಕಡೆ. ನನ್ನದು ತುಂಡಾಗಿತ್ತು.

ಬಫರ್ ನೋಡಿದೆ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ದನಿಯ ಕಂತು. 64 ಸ್ಯಾಂಪಲ್, ಅಂದರೆ ದನಿಯ 64 ಅಳತೆ, ಇತ್ತು. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದು 1.45 ಮಿಲಿಸೆಕೆಂಡ್. ಅಷ್ಟರೊಳಗೆ ಕಂಪ್ಯೂಟರ್ ಬೇರೆ ಕೆಲಸಕ್ಕೆ ತಲೆ ಹಾಕಿದರೆ ದನಿ ತಪ್ಪುತ್ತದೆ. 256ಕ್ಕೆ ಏರಿಸಿದೆ, 5.8 ಮಿಲಿಸೆಕೆಂಡ್ ಆಯಿತು. ಚಟ್ ಚಟ್ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ವಿಂಡೋಸಿನ ಸಾಮಾನ್ಯ ಡ್ರೈವರ್ ಬಿಟ್ಟು ಇಂಟರ್ಫೇಸ್ ತಯಾರಿಸಿದವರದೇ ಎಎಸ್‌ಐಒ ಡ್ರೈವರ್ ಹಾಕಿದೆ, ದನಿ ತಡವಾಗದಂತೆ ನೋಡಿಕೊಳ್ಳುವ ತಂತ್ರಾಂಶ ಅದು. ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಒಂದಿದೆ, ಕರೆಂಟ್ ಉಳಿಸಲು ಯುಎಸ್‌ಬಿ ತೂತನ್ನು ಮಲಗಿಸುವುದು, ಅದನ್ನೂ ಆರಿಸಿದೆ. ಆದರೂ ಎರಡು ಮೂರು ನಿಮಿಷಕ್ಕೊಮ್ಮೆ ಒಂದು ಚಟ್. ಕೊನೆಗೆ ಲೇಟೆನ್ಸಿಮಾನ್ ಅನ್ನುವ ತಂತ್ರಾಂಶ ಹಾಕಿ ಹತ್ತು ನಿಮಿಷ ಬಿಟ್ಟೆ. ಯಾವ ಡ್ರೈವರ್ ಕಂಪ್ಯೂಟರನ್ನು ತಡೆದು ನಿಲ್ಲಿಸುತ್ತಿದೆ ಅಂತ ಅದು ತೋರಿಸುತ್ತದೆ. ವೈಫೈ ಡ್ರೈವರ್ ಪಟ್ಟಿಯ ತುದಿಯಲ್ಲಿತ್ತು. ವೈಫೈ ಆರಿಸಿದೆ. ಒಂದು ಗಂಟೆ ರೆಕಾರ್ಡ್ ಮಾಡಿದರೂ ಒಂದು ಚಟ್ ಇಲ್ಲ.

ಬಫರ್ ಏರಿಸಿದರೆ ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಹೌದು, ದನಿ ಕಂಪ್ಯೂಟರಿಗೆ ಹೋಗಿ ವಾಪಸ್ ಬಂದರೆ ತಡವೇ. ಇಂಟರ್ಫೇಸಿನ ಮೈಮೇಲೆ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಅದನ್ನು ಒತ್ತಿ. ಮೈಕಿನ ದನಿ ಕಂಪ್ಯೂಟರಿಗೆ ಹೋಗದೆ ನೇರ ಹೆಡ್‌ಫೋನಿಗೆ ಬರುತ್ತದೆ. ಆಮೇಲೆ ಬಫರ್ 512 ಇದ್ದರೂ ಭಾಗವತರಿಗೆ ತೊಂದರೆ ಇಲ್ಲ.

ಜುಲೈಯಲ್ಲಿ ಇನ್ನೊಂದು ಸದ್ದು ಶುರುವಾಯಿತು. ಗುಂಯ್ ಅಂತ, ನಿಲ್ಲದೆ, ಒಂದೇ ಸಮ. ಲ್ಯಾಪ್‌ಟಾಪಿನ ಚಾರ್ಜರ್ ಹಾಕಿದಾಗ ಮಾತ್ರ. ನಮ್ಮ ಮನೆಯ ಕರೆಂಟ್ 50 ಹರ್ಟ್ಸಿನದು, ಗುಂಯ್ ಕೂಡ 50, 100, 150ರಲ್ಲಿ ಕೂತಿತ್ತು. ಇಂಟರ್ಫೇಸಿನ ಮೈ ಮುಟ್ಟಿದರೆ ಸದ್ದು ತಗ್ಗುತ್ತಿತ್ತು, ಬೆರಳ ಹಿಂಬದಿಗೆ ಸಣ್ಣಗೆ ಜುಂ ಅನ್ನುತ್ತಿತ್ತು. ನಮ್ಮದು ಹಳೆಯ ಚಿರೆಕಲ್ಲಿನ ಮನೆ. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದರೆ ಮೂರನೇ ತೂತಿನ ಹಿಂದೆ ವಯರೇ ಇರಲಿಲ್ಲ. ಅರ್ಥಿಂಗ್ ಇಲ್ಲದೆ ಮೂರು ಪಿನ್ನಿನ ಚಾರ್ಜರ್ ಇಷ್ಟು ದಿನ ಓಡಿತ್ತು. ಹಿತ್ತಿಲ ಅರ್ಥ್ ಗುಂಡಿಯಿಂದ ಆ ಕೋಣೆಗೆ ವಯರ್ ಎಳೆಸಿದ ದಿನವೇ ಗುಂಯ್ ನಿಂತಿತು.

ಕೆಲವು ಮನೆಗಳಲ್ಲಿ ಇದಕ್ಕೆ ತಿರುಗುಮುರುಗಾಗಿ ಆಗುತ್ತದೆ. ಅರ್ಥ್ ಇದ್ದು, ಸ್ಪೀಕರ್ ಒಂದು ಸಾಕೆಟ್, ಲ್ಯಾಪ್‌ಟಾಪ್ ಇನ್ನೊಂದು ಸಾಕೆಟ್ ಆದಾಗ ಅರ್ಥ್ ಎರಡು ದಾರಿಯಲ್ಲಿ ಸುತ್ತಿ ಗುಂಯ್ ಬರುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಎಲ್ಲಾದರೂ ಶಾರ್ಟ್ ಆದರೆ ಕರೆಂಟ್ ಮೈಕಿನ ಲೋಹದವರೆಗೂ ಬರಬಹುದು. ಅದನ್ನು ಹಿಡಿದು ಕೂತವರು ನಮ್ಮ ಮನೆಯವರು ಅಲ್ವಾ?

ಮಳೆಗಾಲದಲ್ಲಿ ಕರೆಂಟ್ ಹೋಗುವುದು ದಿನದ ಮಾತು. ನಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್, ಅದು ಶುರುವಾದರೆ ಕೊರೆಯುವ ಸದ್ದು ಬೇರೆ ಸೇರುತ್ತದೆ. ಅದಕ್ಕೆ ನಾನು ಹುಡುಕಿಕೊಂಡ ದಾರಿ ಸರಳ. ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ರೆಕಾರ್ಡಿಂಗ್.

ಕಡಲು ನಮ್ಮ ಮನೆಗೆ ಒಂದೂವರೆ ಕಿಲೋಮೀಟರ್. ಉಪ್ಪುಗಾಳಿ ಜಾಕಿನ ಲೋಹವನ್ನು ಎರಡೇ ತಿಂಗಳಲ್ಲಿ ಕಪ್ಪು ಮಾಡಿತು. ಹೆಡ್‌ಫೋನಿನ ಒಂದು ಕಿವಿ ಕೇಳುವುದು ಬಿಡುವುದು ಮಾಡಿದಾಗ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಉಜ್ಜಿದೆ, ಸರಿಯಾಯಿತು. ಕಂಡೆನ್ಸರ್ ಮೈಕ್ ಮಾತ್ರ ಜಾಸ್ತಿ ಸೂಕ್ಷ್ಮ. ಆಗಸ್ಟಿನಲ್ಲಿ ಅದು ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಿಟಪಟ ಅನ್ನತೊಡಗಿತು. ಈ ಸಲ ಅಲೆ ತುಂಡಾಗಿರಲಿಲ್ಲ, ಮೇಲೆ ಮುಳ್ಳು ಕೂತಿತ್ತು. ಹಾಗಾಗಿ ಕಂಪ್ಯೂಟರ್ ಮುಟ್ಟಲೇ ಇಲ್ಲ. ದೊಡ್ಡಪ್ಪನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ತೇವ ತಾಗಿದರೆ ಮದ್ದಳೆಯ ಚರ್ಮವೂ ಸಡಿಲಾಗಿ ಶ್ರುತಿ ಇಳಿಯುತ್ತದೆ, ಚಂಡೆಯನ್ನು ಕಾಯಿಸಿಯೇ ಬಾರಿಸಬೇಕು. ಮೈಕಿನೊಳಗೆ ಇರುವುದೂ ಬಿಗಿದ ಒಂದು ತೆಳು ಹಾಳೆಯೇ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮೈಕನ್ನು ಎರಡು ದಿನ ಇಟ್ಟೆ. ಚಿಟಪಟ ಹೋಯಿತು. ಈಗ ಕೆಲಸ ಮುಗಿದ ಕೂಡಲೇ ಅದು ಡಬ್ಬಿಗೆ. ನಮ್ಮ ಜೆಲ್ ನೀಲಿ ಬಣ್ಣದ್ದು, ತೇವ ಕುಡಿದು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸುತ್ತೇನೆ. ಆ ಬಾಣಲೆ ಅಡುಗೆಗೆ ಅಲ್ಲ.

ಕೊನೆಯ ತಪ್ಪು ಹಿಡಿದದ್ದು ನಾನಲ್ಲ. ಮೊದಲ ತಿಂಗಳ ಪದ್ಯಗಳನ್ನು ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದ್ದೆ, ಆಮೇಲೆ 48,000ಕ್ಕೆ ಬದಲಿಸಿದ್ದೆ. ಎಲ್ಲ ಒಂದೇ ಕಡೆ ಸೇರಿಸುವಾಗ ಹಳೆಯ ಫೈಲನ್ನು ಹೊಸ ಲೆಕ್ಕಕ್ಕೆ ಪರಿವರ್ತಿಸಬೇಕಾ ಅಂತ ತಂತ್ರಾಂಶ ಕೇಳಿತು. ದನಿ ಕೆಡಬಾರದು ಅಂತ ಬೇಡ ಒತ್ತಿದೆ. ದೊಡ್ಡಪ್ಪ ಎರಡು ಸಾಲು ಕೇಳಿ ಕೈ ಎತ್ತಿದರು.

"ತಮಾ, ಇದು ಯನ್ನ ಶ್ರುತಿ ಅಲ್ದೋ."

ಅವರು ಹಾಡಿದ್ದು ಕಪ್ಪು ಎರಡರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ. ಹಾರ್ಮೋನಿಯಂ ತಂದು ನೋಡಿದರೆ ಬಿಳಿ ಮೂರಕ್ಕೂ ಸೇರದು, ನಾಲ್ಕಕ್ಕೂ ಸೇರದು. ಲೆಕ್ಕ ಹಾಕಿದೆ. 44,100ರ ಫೈಲನ್ನು 48,000ದ ವೇಗದಲ್ಲಿ ಓಡಿಸಿದರೆ ಶ್ರುತಿ ಕಪ್ಪು ಬಿಳಿ ಎರಡೂ ಎಣಿಸಿ ಸುಮಾರು ಒಂದೂವರೆ ಮನೆ ಮೇಲೇರುತ್ತದೆ. ಕಪ್ಪು ಎರಡರಿಂದ ಒಂದೂವರೆ ಮನೆ ಅಂದರೆ ಬಿಳಿ ಮೂರು ನಾಲ್ಕರ ನಡುವೆಯೇ. ಐದು ನಿಮಿಷದ ಪದ್ಯ 4 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ. ಆದಿತಾಳದ ನಡೆ ಸ್ವಲ್ಪ ಚುರುಕಾಗಿದೆ ಅಂತ ನನಗೂ ಅನ್ನಿಸಿತ್ತು, ನಾನು ಅದನ್ನು ಅವರ ಹುಮ್ಮಸ್ಸು ಅಂದುಕೊಂಡಿದ್ದೆ. ಹದಿನಾಲ್ಕು ಫೈಲನ್ನೂ ತೆಗೆದು, ಈ ಸಲ ಪರಿವರ್ತನೆ ಬೇಕು ಅಂತ ಒತ್ತಿ, ಮತ್ತೆ ಸೇರಿಸಿದೆ. ಹೆಡ್‌ಫೋನ್ ಅವರ ಕಿವಿಗಿಟ್ಟು ಪಕ್ಕದಲ್ಲಿ ಕೂತೆ. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ಪದ್ಯ ಕೇಳಿದರು.

"ಈಗ ಸಮಾ ಆತು," ಅಂದರು. ಆಮೇಲೆ ಮೈಕಿನ ಡಬ್ಬಿ ತರಲು ಹೇಳಿದರು. ನಿನ್ನೆ ರಾತ್ರಿ ಅವರಿಗೆ ಇನ್ನೊಂದು ಹಳೆಯ ಪದ್ಯ ನೆನಪಾಗಿತ್ತಂತೆ.