ತಿಂಗಳಿಗೆ ಐದು ಸಾವಿರ: ಲಾಭಾಂಶದ ಷೇರು ಕೂಡಿಡುವುದು ಹೇಗೆ?

ಕಂಪನಿಯೊಂದು ‘ಶೇ 860 ಲಾಭಾಂಶ’ ಕೊಟ್ಟಿದೆ ಎಂದು ಓದಿ ಹಿಗ್ಗಬೇಡಿ. ಆ ಶೇಕಡಾ ಲೆಕ್ಕ ಷೇರಿನ ಮುಖಬೆಲೆಯ, ಅಂದರೆ ಕಂಪನಿ ಷೇರಿಗೆ ನಿಗದಿ ಮಾಡಿದ ಮೂಲಬೆಲೆಯ ಮೇಲಿನದು, ನೀವು ಕೊಟ್ಟ ಬೆಲೆಯ ಮೇಲಿನದಲ್ಲ. 2024–25ನೇ ಸಾಲಿಗೆ ಇನ್ಫೊಸಿಸ್ ಮಧ್ಯಂತರ ಲಾಭಾಂಶವಾಗಿ 21, ಅಂತಿಮವಾಗಿ 22, ಒಟ್ಟು 43 ರೂಪಾಯಿ ಕೊಟ್ಟಿತು. ಮುಖಬೆಲೆ 5 ರೂಪಾಯಿ, ಹಾಗಾಗಿ ಶೇ 860. ಆದರೆ ಷೇರನ್ನು 1,500 ರೂಪಾಯಿಗೆ ಕೊಂಡವರಿಗೆ ದಕ್ಕಿದ್ದು ಸುಮಾರು ಶೇ 2.9. ಈ ಎರಡನೇ ಸಂಖ್ಯೆಯೇ ಡಿವಿಡೆಂಡ್ ಯೀಲ್ಡ್. ನಿಮಗೆ ಬೇಕಾದದ್ದೂ ಅದೇ.

ಬ್ಯಾಂಕ್ ಠೇವಣಿಯೇ ಇದಕ್ಕಿಂತ ಹೆಚ್ಚು ಕೊಡುತ್ತದಲ್ಲ ಎಂದರೆ, ಹೌದು, ಮೊದಲ ವರ್ಷಗಳಲ್ಲಿ ಕೊಡುತ್ತದೆ. ಠೇವಣಿಯ ಬಡ್ಡಿದರ ಅವಧಿ ಮುಗಿಯುವವರೆಗೆ ನಿಂತಲ್ಲೇ ನಿಂತಿರುತ್ತದೆ. ಒಳ್ಳೆಯ ಕಂಪನಿಯ ಲಾಭಾಂಶ ವರ್ಷಕ್ಕೆ ಶೇ 10ರಂತೆ ಬೆಳೆದರೆ ಏಳು ವರ್ಷ ದಾಟುವಾಗ ದುಪ್ಪಟ್ಟು. ಆದರೆ ಖಾತರಿಯಿಲ್ಲ, ನಷ್ಟದ ವರ್ಷದಲ್ಲಿ ಕಂಪನಿ ಕೈಯೆತ್ತಿಬಿಡಬಹುದು. ಆರು ತಿಂಗಳ ಮನೆಖರ್ಚಿನ ಹಣ ಬ್ಯಾಂಕಿನಲ್ಲಿ ಇಲ್ಲದವರು ಇದಕ್ಕೆ ಕೈಹಾಕುವುದು ಬೇಡ.

ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಯೀಲ್ಡ್ ದೊಡ್ಡದಿದ್ದಷ್ಟೂ ಅನುಮಾನ ಹೆಚ್ಚಿರಲಿ. ಷೇರಿನ ಬೆಲೆ ಕುಸಿದಾಗಲೂ ಯೀಲ್ಡ್ ಏರಿದಂತೆ ಕಾಣುತ್ತದೆ. ಒಂದೇ ಸಲ ಕೊಟ್ಟ ವಿಶೇಷ ಲಾಭಾಂಶವೂ ಹಾಗೆಯೇ ಕಣ್ಣಿಗೆ ಮಣ್ಣೆರಚುತ್ತದೆ. ವೇದಾಂತ 2022–23ರಲ್ಲಿ ಷೇರಿಗೆ 101.50 ರೂಪಾಯಿ ಕೊಟ್ಟಿತ್ತು, ಮರುವರ್ಷ 29.50. ಹಳೆಯ ಅಂಕಿ ನೋಡಿ ಕೊಂಡವರ ಲೆಕ್ಕ ಅಲ್ಲೇ ತಲೆಕೆಳಗಾಯಿತು. ಆದ್ದರಿಂದ ಕಂಪನಿಯ ಹತ್ತು ವರ್ಷದ ವಾರ್ಷಿಕ ವರದಿ ತೆರೆದು, ವ್ಯವಹಾರದಿಂದ ಬಂದ ನಗದಿನಲ್ಲಿ ಯಂತ್ರ–ಕಟ್ಟಡದ ಖರ್ಚು ಕಳೆಯಿರಿ. ಉಳಿದದ್ದು ಹೆಚ್ಚಿನ ವರ್ಷಗಳಲ್ಲಿ ಲಾಭಾಂಶಕ್ಕೆ ಸಾಲದಿದ್ದರೆ, ಸಾಲ ತಂದೋ ಗಂಟು ಕರಗಿಸಿಯೋ ಹಂಚುತ್ತಿದ್ದಾರೆ ಎಂದರ್ಥ. ಅಂಥದ್ದನ್ನು ಬಿಡಿ. ಲಾಭದ ಶೇ 80ಕ್ಕಿಂತ ಹೆಚ್ಚು ಹಂಚುವ ಕಾರ್ಖಾನೆ ಕಂಪನಿಗೆ ವಿಸ್ತರಣೆಗೆ ಹಣ ಉಳಿಯುವುದು ಕಡಿಮೆ. ಯಂತ್ರದ ಹೂಡಿಕೆ ಕಡಿಮೆಯಿರುವ ಸಾಫ್ಟ್‌ವೇರ್ ಕಂಪನಿಗೆ ಅದೇ ಪ್ರಮಾಣ ಅಷ್ಟು ಭಾರವಲ್ಲ. ಎಲ್ಲಿಂದ ಹುಡುಕುವುದೆಂದು ತಿಳಿಯದಿದ್ದರೆ ಹೆಚ್ಚು ಯೀಲ್ಡ್‌ನ 50 ಕಂಪನಿಗಳಿರುವ ನಿಫ್ಟಿ ಡಿವಿಡೆಂಡ್ ಆಪರ್ಚುನಿಟೀಸ್ 50 ಸೂಚ್ಯಂಕದ ಪಟ್ಟಿಯಿಂದ ಶುರುಮಾಡಿ.

ತಿಂಗಳಿಗೆ 5,000 ರೂಪಾಯಿ ಇದ್ದರೆ ಪ್ರತಿ ತಿಂಗಳೂ ಒಂದು ಕಂಪನಿಯ ಷೇರು ಕೊಳ್ಳಿ, ವರ್ಷದಲ್ಲಿ ಹನ್ನೆರಡಾಗುತ್ತವೆ. ಮರುವರ್ಷ ಮತ್ತೆ ಮೊದಲಿನಿಂದ. ಒಂದೇ ಉದ್ಯಮದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹಣ ಬೇಡ. ಸರ್ಕಾರಿ ಕಲ್ಲಿದ್ದಲು, ವಿದ್ಯುತ್, ತೈಲ ಕಂಪನಿಗಳ ಯೀಲ್ಡ್ ಆಕರ್ಷಕವಾಗಿರುವುದರಿಂದ ಗೊತ್ತಿಲ್ಲದೆಯೇ ಅರ್ಧ ಗಂಟು ಅಲ್ಲಿಗೆ ಹೋಗಿರುತ್ತದೆ.

ಲಾಭಾಂಶ ಯಾರಿಗೆ ಸೇರಬೇಕೆಂದು ಕಂಪನಿ ಷೇರುದಾರರ ಪಟ್ಟಿ ನೋಡುವ ರೆಕಾರ್ಡ್ ಡೇಟ್‌ನ ದಿನ ಕೊಂಡರೆ ಆ ಲಾಭಾಂಶ ಸಿಗದು. ಷೇರುಗಳನ್ನು ಇಡುವ ಡಿಮ್ಯಾಟ್ ಖಾತೆಗೆ ಅವು ಬರುವುದು ಮರು ವಹಿವಾಟು ದಿನ. ಕನಿಷ್ಠ ಒಂದು ವಹಿವಾಟು ದಿನ ಮೊದಲೇ ಕೊಂಡಿರಬೇಕು. ಹಾಗೆಂದು ಲಾಭಾಂಶಕ್ಕಾಗಿಯೇ ಓಡಿಹೋಗಿ ಕೊಳ್ಳುವುದು ದಂಡ. 20 ರೂಪಾಯಿ ಲಾಭಾಂಶದ ಷೇರು ಆ ದಿನ ಸಾಮಾನ್ಯವಾಗಿ ಅಷ್ಟೇ ಇಳಿದು ಆರಂಭವಾಗುತ್ತದೆ, ಮೇಲೆ ತೆರಿಗೆಯೂ ಬೀಳುತ್ತದೆ.

ಬಂದ ಹಣ ನೇರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಸಂಬಳದ ಖಾತೆಯಲ್ಲಿ ಅದು ಹಾಲು–ತರಕಾರಿಯ ಲೆಕ್ಕದಲ್ಲಿ ಕರಗಿಹೋಗುತ್ತದೆ. ಡಿಮ್ಯಾಟ್‌ಗೆ ಬೇರೆಯೇ ಉಳಿತಾಯ ಖಾತೆ ಜೋಡಿಸಿ, ಸೇರಿದ ಹಣವನ್ನು ಮುಂದಿನ ತಿಂಗಳ ಖರೀದಿಗೆ ಸೇರಿಸಿ. ವರ್ಷದಲ್ಲಿ ಕೂಡಿದ 60,000 ರೂಪಾಯಿಗೆ ಶೇ 3ರಂತೆ ಮೊದಲ ಪೂರ್ಣ ವರ್ಷ ಸಿಗುವುದು 1,800 ರೂಪಾಯಿ ಅಷ್ಟೇ. ಈ ಹಂತದಲ್ಲೇ ಬಹಳ ಜನ ಬೇಸತ್ತು ಬಿಡುತ್ತಾರೆ.

2020ರ ಏಪ್ರಿಲ್‌ನಿಂದ ಲಾಭಾಂಶ ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬ್‌ನ ದರದಲ್ಲೇ ತೆರಿಗೆ. ಶೇ 30ರ ಸ್ಲ್ಯಾಬ್‌ನವರಿಗೆ ಶೇ 3ರ ಯೀಲ್ಡ್ ಸೆಸ್ ಬಿಟ್ಟೂ 2.1ಕ್ಕೆ ಇಳಿಯುತ್ತದೆ. ಒಂದೇ ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ (ಹಣ ಕೊಡುವ ಮೊದಲೇ ಕಂಪನಿ ಹಿಡಿದುಕೊಳ್ಳುವ ತೆರಿಗೆ) ಕಡಿತವಾಗುತ್ತದೆ. ಕಡಿತವಾಗದ ಸಣ್ಣ ಮೊತ್ತವನ್ನೂ ರಿಟರ್ನ್ಸ್‌ನಲ್ಲಿ ತೋರಿಸಬೇಕು.

ಬ್ಯಾಂಕ್ ಖಾತೆ ಬದಲಾದಾಗ ಡಿಮ್ಯಾಟ್‌ನಲ್ಲೂ ಬದಲಿಸಿ, ನಾಮಿನಿ ಹೆಸರು ಹಾಕಿ. ಸತತ ಏಳು ವರ್ಷ ಲಾಭಾಂಶ ಪಡೆಯದೆ ಉಳಿದರೆ ಹಣದ ಜೊತೆ ಷೇರೂ ಐಇಪಿಎಫ್ ಎಂಬ ಸರ್ಕಾರಿ ನಿಧಿಗೆ ಹೋಗುತ್ತದೆ. ಮರಳಿ ಪಡೆಯಬಹುದು, ಆದರೆ ಅರ್ಜಿ, ದಾಖಲೆ, ಕಂಪನಿಯ ಪರಿಶೀಲನೆ ಎಂದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.