ಕೋವಿಡ್ ಕಾಲದಲ್ಲಿ ಮಣ್ಣು ಮಾಡುವ ಕೆಲಸ: ನನ್ನ ಅನುಭವ

ನಾನು ಪಾಸ್ಟರ್ ಅಲ್ಲ, ಡಾಕ್ಟರೂ ಅಲ್ಲ. ಬೆಂಗಳೂರಿನಲ್ಲಿ ಸಣ್ಣದೊಂದು ಆಫ್‌ಸೆಟ್ ಪ್ರೆಸ್ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಅಂಗಡಿಗಳ ಪಾಂಪ್ಲೆಟ್ ಹೊಡೆಯುತ್ತೇವೆ. ಹುಟ್ಟೂರು ಬೆಟಗೇರಿ. ಬಾಸೆಲ್ ಮಿಶನ್ ಕಾಲದಿಂದ ನಮ್ಮ ಮನೆಯವರು ಕ್ರೈಸ್ತರು. ಹಾಗಾಗಿ ನಂಬಿಕೆ ನನಗೆ ಅಡ್ಡಹೆಸರಿನ ಜೊತೆಗೇ ಬಂದದ್ದು. 2020 ಮತ್ತು 2021ರಲ್ಲಿ, ಕೋವಿಡ್‌ನಿಂದ ತೀರಿಕೊಂಡವರನ್ನು ಮಣ್ಣು ಮಾಡುವ ಒಂದು ತಂಡದಲ್ಲಿ ಕೆಲಸ ಮಾಡಿದೆ. ಅದು ಹೇಗೆ ಶುರುವಾಯಿತು, ಹೇಗೆ ನಡೆಯಿತು ಅಂತ ನಮ್ಮ ಸಭೆಯ, ಅಂದರೆ ಚರ್ಚಿನ, ಹುಡುಗರು ಈಗಲೂ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

2020ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ ಡಾ. ಸೈಮನ್ ಹರ್ಕ್ಯುಲಸ್ ಅನ್ನುವ ನ್ಯೂರೋಸರ್ಜನ್ ಕೋವಿಡ್‌ನಿಂದ ತೀರಿಕೊಂಡರು. ಮಣ್ಣು ಮಾಡಲು ತಂದಾಗ ಜನ ಕಲ್ಲು, ದೊಣ್ಣೆ ಹಿಡಿದು ಆಂಬುಲೆನ್ಸ್ ಮೇಲೆ ಬಿದ್ದರು. ಕೊನೆಗೆ ಅವರ ಜೊತೆಯ ಡಾಕ್ಟರೊಬ್ಬರೇ ರಾತ್ರಿ ಹೊತ್ತು ಗುಂಡಿಗೆ ಮಣ್ಣು ಎಳೆದು ಆ ಕೆಲಸ ಮುಗಿಸಬೇಕಾಯಿತು. ಜೂನ್ ಕೊನೆಗೆ ನಮ್ಮ ಬಳ್ಳಾರಿಯ ವಿಡಿಯೋ ಬಂತು. ಶವಗಳನ್ನು ಗುಂಡಿಗೆ ಎಸೆಯುವ ಆ ದೃಶ್ಯ ನೋಡದ ಕನ್ನಡಿಗರು ಕಡಿಮೆ. ಜಿಲ್ಲಾಡಳಿತ ಕ್ಷಮೆ ಕೇಳಿತು. ಪಿಪಿಇ ಹಾಕಿಕೊಂಡಿದ್ದ ಆ ಕೂಲಿಯವರನ್ನು ಬೈಯುವುದು ನಮಗೆಲ್ಲ ಸುಲಭವಾಗಿತ್ತು. ನಾವು ಮನೆಯಲ್ಲಿ ಕೂತು ನೋಡುತ್ತಿದ್ದೆವು, ಅಲ್ವಾ?

ಆ ವಾರವೇ ನಮ್ಮ ಪಾಸ್ಟರ್ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಂದೇಶ ಹಾಕಿದರು. ಸಕ್ಕರೆ ಕಾಯಿಲೆ, ಬಿಪಿ ಇಲ್ಲದವರು, ಐವತ್ತರ ಒಳಗಿನವರು, ಮನೆಯವರ ಒಪ್ಪಿಗೆ ಇರುವವರು ಮಣ್ಣು ಮಾಡುವ ತಂಡಕ್ಕೆ ಹೆಸರು ಕೊಡಿ ಅಂತ. ಕೆಳಗೆ ಸಾಲುಸಾಲಾಗಿ ‘ಆಮೆನ್’ ಬಂತು. ಕೈಮುಗಿಯುವ ಚಿತ್ರಗಳು ಬಂದವು. ಹೆಸರು ಮಾತ್ರ ಬರಲಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಇಬ್ಬರು ಮಕ್ಕಳ ಕಥೆ ಇದೆ. ತೋಟದ ಕೆಲಸಕ್ಕೆ ಹೋಗು ಅಂತ ಅಪ್ಪ ಹೇಳಿದಾಗ ಒಬ್ಬ ‘ಆಗಲ್ಲ’ ಅಂದವನು ಆಮೇಲೆ ಹೋಗುತ್ತಾನೆ. ಇನ್ನೊಬ್ಬ ‘ಆಗಲಿ ಅಪ್ಪ’ ಅಂದವನು ಹೋಗುವುದೇ ಇಲ್ಲ. ನಮ್ಮ ಸಭೆಗಳಲ್ಲಿ ಈ ಎರಡನೆಯವರು ಸ್ವಲ್ಪ ಜಾಸ್ತಿ.

ನಾನು ಹೆಸರು ಕೊಟ್ಟೆ. ಮನಸ್ಸಿನಲ್ಲಿ ಧೈರ್ಯ ಉಕ್ಕಿತ್ತು ಅಂತ ಅಲ್ಲ. ಪ್ರೆಸ್ ಬಾಗಿಲು ಹಾಕಿತ್ತು, ಮದುವೆಗಳೇ ಇಲ್ಲದ ಮೇಲೆ ಲಗ್ನಪತ್ರಿಕೆ ಯಾರಿಗೆ ಬೇಕು? ಸಮಯ ಇತ್ತು, ವಯಸ್ಸು ಇತ್ತು, ಬೇಡ ಅನ್ನಲು ಕಾರಣ ಸಿಗಲಿಲ್ಲ. ವಿಧೇಯತೆ ಅಂತ ನಾವು ದೊಡ್ಡ ಮಾತಾಡುತ್ತೇವಲ್ಲ, ನನ್ನ ಮಟ್ಟಿಗೆ ಅದು ಅವತ್ತು ಬಂದದ್ದು ಇಷ್ಟೇ ಆಕಾರದಲ್ಲಿ. ಭಯ ಹೋಗಲಿ ಅಂತ ಕಾದಿದ್ದರೆ ಇವತ್ತಿಗೂ ಕಾಯುತ್ತಿದ್ದೆ.

ಮನೆಯಲ್ಲಿ ಮಾತು ಆಗಲೇಬೇಕಿತ್ತು. ಅವ್ವನಿಗೆ ಎಪ್ಪತ್ತು ದಾಟಿದೆ, ಉಬ್ಬಸ ಬೇರೆ. ಹೆಂಡತಿ ಒಂದು ರಾತ್ರಿ ಯೋಚನೆ ಮಾಡಿ ಹೇಳಿದಳು: ‘ನೀವು ಹೋಗ್ರಿ. ಆದ್ರ ಮನಿಗೆ ಮಾತ್ರ ಬರಬ್ಯಾಡ್ರಿ.’ ಸಿಟ್ಟಿನ ಮಾತಲ್ಲ ಅದು, ಲೆಕ್ಕದ ಮಾತು. ಸಭೆಯ ಕಾಂಪೌಂಡಿನಲ್ಲಿ ಸಂಡೇ ಸ್ಕೂಲ್ ನಡೆಯುತ್ತಿದ್ದ ಕೋಣೆ ಖಾಲಿ ಇತ್ತು. ಅಲ್ಲಿ ಮಂಚ ಹಾಕಿಕೊಂಡೆ. ಊಟದ ಡಬ್ಬಿ ಗೇಟಿನ ಹತ್ತಿರ ಬರುತ್ತಿತ್ತು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನನ್ನ ಧೈರ್ಯದ ಬೆಲೆಯನ್ನು ಅವ್ವನ ಉಸಿರಿನಲ್ಲಿ ಕಟ್ಟುವ ಹಕ್ಕು ನನಗೆ ಇರಲಿಲ್ಲ. ಮನೆಯವರ ಒಪ್ಪಿಗೆ ಇಲ್ಲದೆ ಬಂದ ಒಂದಿಬ್ಬರನ್ನು ನಾವು ವಾಪಸ್ ಕಳಿಸಿದೆವು. ಅವರಿಗೆ ಬೇಜಾರಾಯಿತು. ಆಗಲಿ.

ಪಾಸ್ಟರ್ ನಮಗೆ ಮೊದಲ ದಿನ ಬೋಧನೆ ಮಾಡಲಿಲ್ಲ, ಜರ್ಮನಿಯಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರನ ಒಂದು ಪತ್ರದ ಬಗ್ಗೆ ಹೇಳಿದರು. 1527ರಲ್ಲಿ ವಿಟ್ಟನ್‌ಬರ್ಗಿಗೆ ಪ್ಲೇಗ್ ಬಂತು. ವಿಶ್ವವಿದ್ಯಾಲಯವನ್ನೇ ಯೇನಾ ಊರಿಗೆ ಸಾಗಿಸಿದರು. ಲೂಥರ್ ಹೋಗಲಿಲ್ಲ. ಬಸುರಿ ಹೆಂಡತಿಯ ಜೊತೆ ಅಲ್ಲೇ ಉಳಿದು ಮನೆಯನ್ನೇ ಆಸ್ಪತ್ರೆ ಮಾಡಿಕೊಂಡ. ಪ್ಲೇಗ್ ಬಂದಾಗ ಕ್ರೈಸ್ತ ಓಡಿಹೋಗಬಹುದಾ ಅಂತ ಕೇಳಿದವರಿಗೆ ಅವನು ಬರೆದ ಉತ್ತರದಲ್ಲಿ ಎರಡೂ ಕಡೆಯ ಮಾತು ಇದೆ. ಜವಾಬ್ದಾರಿ ಇಲ್ಲದವನು ಹೋದರೆ ಪಾಪ ಅಲ್ಲ. ಆದರೆ ನೆರೆಯವನಿಗೆ ಬೇರೆ ಯಾರೂ ಇಲ್ಲದಿದ್ದರೆ ಬಿಟ್ಟು ಹೋಗಬಾರದು. ಔಷಧಿ ತಗೋ, ಮನೆಗೆ ಹೊಗೆ ಹಾಕು, ಕೆಲಸ ಇಲ್ಲದ ಕಡೆ ಹೋಗಬೇಡ. ಕರೆದರೆ ಮಾತ್ರ ಹಿಂದೆ ಸರಿಯಬೇಡ. ಸುಮಾರು 500 ವರ್ಷದ ಹಿಂದಿನ ಈ ಮಾತು ನಮಗೆ ನೇರವಾಗಿ ಕೆಲಸಕ್ಕೆ ಬಂತು.

ಯಾಕೆಂದರೆ ‘ಯೇಸುವಿನ ರಕ್ತ ಕಾಪಾಡುತ್ತೆ, ಮಾಸ್ಕ್ ಯಾಕೆ’ ಅನ್ನುವವರು ನಮ್ಮಲ್ಲೂ ಇದ್ದರು. ಅದನ್ನು ನಾನು ನಂಬಿಕೆ ಅಂತ ಕರೆಯುವುದಿಲ್ಲ. ದೇವಾಲಯದ ತುದಿಯಿಂದ ಹಾರು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಯೇಸುವಿಗೆ ಹೇಳಿದ್ದು ಸೈತಾನ ಅನ್ನೋದು ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಅಂಥವರಿಗೆ ನಮ್ಮ ತಂಡದಲ್ಲಿ ಜಾಗ ಇರಲಿಲ್ಲ.

ಇನ್ನು ಕೆಲಸದ ವಿಷಯ. ಪಿಪಿಇ ಹಾಕಿಕೊಳ್ಳೋದು ಸುಲಭ, ಬಿಚ್ಚೋದೇ ಕಷ್ಟ. ಸೋಂಕು ತಗಲುವುದು ಹೆಚ್ಚಾಗಿ ಬಿಚ್ಚುವಾಗಲೇ. ದಣಿದಿರುತ್ತೇವೆ, ಬೆವರು ಕಣ್ಣಿಗೆ ಇಳಿಯುತ್ತಿರುತ್ತದೆ, ಒಮ್ಮೆ ಮುಖ ಒರೆಸಿಕೊಂಡರೆ ಸಾಕು ಅನ್ನಿಸುತ್ತದೆ. ಆಗ ಅವಸರ ಮಾಡಬಾರದು. ಮೇಲಿನ ಗ್ಲೌಸ್ ಮೊದಲು, ಸೂಟನ್ನು ಒಳಮೈ ಹೊರಗೆ ಬರುವ ಹಾಗೆ ಸುತ್ತಿಕೊಂಡು ಕೆಳಗೆ, ಆಮೇಲೆ ಕನ್ನಡಕ, ಕೊನೆಗೆ ಮಾಸ್ಕ್. ಪ್ರತಿ ಹಂತಕ್ಕೂ ಕೈಗೆ ಸ್ಯಾನಿಟೈಸರ್. ಸೂಟು, ಮಾಸ್ಕ್ ಹಳದಿ ಚೀಲಕ್ಕೆ, ಸುಡುವುದಕ್ಕೆ. ಬಿಚ್ಚುವವನ ಎದುರು ಇನ್ನೊಬ್ಬ ನಿಂತು ಜೋರಾಗಿ ಹೇಳುತ್ತಿರಬೇಕು, ಇವನು ಅದರಂತೆ ಮಾಡಬೇಕು. ಕಾಲೇಜು ಹುಡುಗನೊಬ್ಬ ನನಗೆ ಹೇಳುತ್ತಿದ್ದ: ‘ಅಂಕಲ್, ನಿಲ್ಲಿ. ಕೈ ಕೆಳಗೆ.’ ನಿಲ್ಲುತ್ತಿದ್ದೆ.

ಸೂಟ್ ಹಾಕಿದ ಮೇಲೆ ನೀರು ಕುಡಿಯುವ ಹಾಗಿಲ್ಲ, ಮೂತ್ರಕ್ಕೆ ಹೋಗುವ ಹಾಗಿಲ್ಲ. ಯಾರು ಯಾರು ಅಂತಲೂ ಗೊತ್ತಾಗುವುದಿಲ್ಲ. ಹಾಗಾಗಿ ಎದೆಯ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು. ಒಬ್ಬರು ಬೆನ್ನ ಮೇಲೆ ಸಭೆಯ ಹೆಸರು, ಒಂದು ವಾಕ್ಯ ಬರೆಯೋಣ ಅಂದರು. ಪತ್ರಿಕೆಯವರು ಫೋಟೋ ತೆಗೆಯುತ್ತಾರಲ್ಲ ಅಂತ. ಬೇಡ ಅಂದೆವು. ಹೆಣ ಹೊರುವವನ ಬೆನ್ನು ಜಾಹೀರಾತಿನ ಜಾಗ ಅಲ್ಲ. ಪ್ರಿಂಟಿಂಗ್‌ನವನಾಗಿ ನಾನೇ ಇದನ್ನು ಹೇಳಬೇಕಾಯಿತು.

ಗುಂಡಿಯನ್ನು ಜೆಸಿಬಿ ತೋಡುತ್ತಿತ್ತು. ಇಳಿಸುವುದು ನಮ್ಮ ಕೈಯಲ್ಲಿ. ತೆಳು ಹಗ್ಗ ಗ್ಲೌಸ್ ಮೇಲೆ ಜಾರುತ್ತದೆ, ಅಗಲದ ಪಟ್ಟಿ ಬೇಕು. ಎರಡೂ ಕಡೆ ಸಮ ಎತ್ತರದವರು ನಿಲ್ಲಬೇಕು. ಮಳೆಗಾಲದಲ್ಲಿ ಗುಂಡಿಯ ಅಂಚು ಕುಸಿಯುತ್ತದೆ, ಹಲಗೆ ಹಾಕಿ ಅದರ ಮೇಲೆ ನಿಲ್ಲಬೇಕು. ಇವೆಲ್ಲ ನಮಗೆ ಕಲಿಸಿದ್ದು ಸ್ಮಶಾನದಲ್ಲಿ ಗುಂಡಿ ತೋಡುವ ಅಣ್ಣಂದಿರು. ಹೊಸೂರು ರಸ್ತೆ, ಕಲ್ಪಳ್ಳಿ ಸ್ಮಶಾನ ಅಂದರೆ ಬೆಂಗಳೂರಿನ ಕ್ರೈಸ್ತರಿಗೆಲ್ಲ ಗೊತ್ತು. ಅಲ್ಲಿ ತಲೆಮಾರುಗಳಿಂದ ನಮ್ಮವರ ಸಮಾಧಿ ಇದೆ. ಅಂಥ ಕಡೆ ಗುಂಡಿ ತೋಡುವವರ ಹೆಸರು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳುತ್ತಾರೆ?

ನನಗೆ ನಿಜವಾಗಿ ಧೈರ್ಯ ಬೇಕಾಗಿದ್ದು ಸ್ಮಶಾನದಲ್ಲಿ ಅಲ್ಲ, ಆಸ್ಪತ್ರೆಗಳ ಶವಾಗಾರದ ಬಾಗಿಲಲ್ಲಿ. ಕೇಂದ್ರ ಆರೋಗ್ಯ ಇಲಾಖೆ 2020ರ ಮಾರ್ಚ್ 15ರಂದೇ ಶವ ನಿರ್ವಹಣೆಯ ಮಾರ್ಗಸೂಚಿ ಹೊರಡಿಸಿತ್ತು. ಚೀಲಕ್ಕೆ ಹೊರಗಿನಿಂದ 1% ಹೈಪೋಕ್ಲೋರೈಟ್ ಸೋಂಕುನಾಶಕ ಹೊಡೆಯಬೇಕು. ಮೈ ತೊಳೆಯುವುದು, ಮುತ್ತಿಡುವುದು, ತಬ್ಬಿಕೊಳ್ಳುವುದು ಬೇಡ. ಆದರೆ ಸಿಬ್ಬಂದಿ ಚೀಲದ ಮುಖದ ಕಡೆಯ ಜಿಪ್ ತೆರೆದು ಮನೆಯವರಿಗೆ ಕೊನೆಯ ಸಲ ತೋರಿಸಬಹುದು. ಮುಟ್ಟದೆ ಮಾಡುವ ಗ್ರಂಥಪಠಣ, ತೀರ್ಥ ಚಿಮುಕಿಸುವುದು ಆಗಬಹುದು. ಇದೆಲ್ಲ ಅದರಲ್ಲೇ ಬರೆದಿತ್ತು. ಬಾಗಿಲಲ್ಲಿ ನಿಂತವರು ಮಾತ್ರ ‘ಏನೂ ಇಲ್ಲ, ತಗೊಂಡು ಹೋಗಿ’ ಅನ್ನುತ್ತಿದ್ದರು. ಅವರಿಗೂ ಭಯ, ಅವರಿಗೂ ಸಾಕಾಗಿತ್ತು.

ನಾನು ಪ್ರೆಸ್ ತೆರೆದು ಆ ಪುಟವನ್ನು ದೊಡ್ಡ ಅಕ್ಷರದಲ್ಲಿ ಹೊಡೆದೆ. ಹಿಂದೆ ಕನ್ನಡದಲ್ಲಿ ಸಾರಾಂಶ. ಲ್ಯಾಮಿನೇಟ್ ಮಾಡಿಸಿದೆ, ಸ್ಯಾನಿಟೈಸರ್ ಹಾಕಿ ಒರೆಸಬಹುದು ಅಂತ. ಒಂದು ಆಸ್ಪತ್ರೆಯಲ್ಲಿ ಒಬ್ಬ ತಾಯಿ ಮಗನ ಮುಖ ನೋಡಲು ಬೆಳಗ್ಗೆಯಿಂದ ಹೊರಗೆ ಕೂತಿದ್ದರು. ನಾನು ಆ ಹಾಳೆ ಹಿಡಿದುಕೊಂಡು ಸೂಪರ್‌ವೈಸರ್ ಹತ್ತಿರ ಹೋದೆ. ಅವರು ಬೈದರು. ಜಗಳ ಮಾಡಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ‘ಸರ್, ಇದು ನಿಮ್ಮದೇ ಇಲಾಖೆಯ ಆದೇಶ, ಒಂದೇ ನಿಮಿಷ’ ಅಂತ ಅದನ್ನೇ ಹೇಳುತ್ತಾ ನಿಂತೆ. ಸಂಜೆ ಹೊತ್ತಿಗೆ ಜಿಪ್ ತೆರೆದರು. ಆ ತಾಯಿ ಅಳಲಿಲ್ಲ. ‘ಗಡ್ಡ ಬಂದಿದೆ’ ಅಂದರು, ಅಷ್ಟೇ.

ಅರಿಮಥಾಯದ ಯೋಸೇಫನನ್ನು ನಾನು ಸರಿಯಾಗಿ ಓದಿದ್ದು ಆಮೇಲೆ. ಅವನು ಯೇಸುವಿನ ಶಿಷ್ಯ, ಆದರೆ ಭಯದಿಂದ ಗುಟ್ಟಾಗಿ ಇದ್ದವನು ಅಂತ ಯೋಹಾನ ಬರೆಯುತ್ತಾನೆ. ಅದೇ ಮನುಷ್ಯ ಧೈರ್ಯ ಮಾಡಿ ರೋಮನ್ ಅಧಿಪತಿ ಪಿಲಾತನ ಹತ್ತಿರ ಹೋದ ಅಂತ ಮಾರ್ಕ ಬರೆಯುತ್ತಾನೆ. ಹೋಗಿ ಮಾಡಿದ್ದಾದರೂ ಏನು? ಶಿಲುಬೆಯ ಮೇಲಿದ್ದ ಯೇಸುವಿನ ಹೆಣಕ್ಕೆ ಅನುಮತಿ ಕೇಳಿದ. ಬಟ್ಟೆ ಕೊಂಡುಕೊಂಡ. ಇಳಿಸಿದ, ಸುತ್ತಿದ, ಸಮಾಧಿಯಲ್ಲಿಟ್ಟ, ಕಲ್ಲು ಉರುಳಿಸಿದ. ಕತ್ತಿ ಹಿಡಿದು ‘ನಿನ್ನ ಜೊತೆ ಸಾಯುತ್ತೇನೆ’ ಅಂದ ಶಿಷ್ಯರು ಆ ಸಂಜೆ ಎಲ್ಲಿದ್ದರು? ಕಚೇರಿಗೆ ಹೋಗಿ ಕೇಳಿದವನು, ಅಂಗಡಿಗೆ ಹೋಗಿ ಬಟ್ಟೆ ತಂದವನು ಉಳಿದ. ಸುವಾರ್ತೆಯ ಈ ಭಾಗವನ್ನು ನಾವು ಶುಭ ಶುಕ್ರವಾರ ಅವಸರದಲ್ಲಿ ಓದಿ ಮುಗಿಸುತ್ತೇವೆ, ಊಟದ ಹೊತ್ತಾಗಿರುತ್ತದೆ.

ನಮ್ಮವರಷ್ಟೇ ಅಲ್ಲ, ಬೇರೆಯವರೂ ಕರೆಯುತ್ತಿದ್ದರು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು ನಿಂತಿತ್ತು. ಮಗ ವಿದೇಶದಲ್ಲಿ, ಮನೆಯಲ್ಲಿ ಉಳಿದವರೆಲ್ಲ ಪಾಸಿಟಿವ್, ಹೊರುವವರಿಲ್ಲ. ಇಂಥ ಮನೆಗಳಿಂದ ಫೋನ್ ಬರುತ್ತಿತ್ತು. ಸಭೆಯ ಕೆಲವು ಹಿರಿಯರಿಗೆ ಇದು ಸರಿ ಅನ್ನಿಸಲಿಲ್ಲ. ‘ಬಾಯಿಗೆ ಗಂಗಾಜಲ ಬಿಡೋದು, ತುಳಸಿ ಇಡೋದು ನಾವು ಮಾಡಬಹುದಾ?’ ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾವು ಒಂದು ದಾರಿ ಮಾಡಿಕೊಂಡೆವು. ಹೊರುವುದು, ಇಳಿಸುವುದು ನಮ್ಮ ಕೆಲಸ. ಮಂತ್ರ ಅವರ ಪುರೋಹಿತರದು, ವಿಡಿಯೋ ಕಾಲ್‌ನಲ್ಲಿ. ಅವರು ಕೊಟ್ಟ ತುಳಸಿಯನ್ನು ಚೀಲದ ಮೇಲೆ ಇಡು ಅಂದರೆ ಇಡುತ್ತಿದ್ದೆವು. ಮುಸ್ಲಿಂ ಮನೆಯವರಾದರೆ ಅವರ ಮಸೀದಿಯ ಹುಡುಗರು ಬರುತ್ತಿದ್ದರು, ನಾವು ಹಗ್ಗ ಹಿಡಿದುಕೊಂಡರೆ ಸಾಕಿತ್ತು. ಯಾರಿಗೂ ಕರಪತ್ರ ಕೊಡುವಂತಿಲ್ಲ, ಆಮೇಲೆ ಫೋನ್ ಮಾಡಿ ಸಭೆಗೆ ಬನ್ನಿ ಅನ್ನುವಂತಿಲ್ಲ. ಇದು ಬರೆದಿಟ್ಟ ನಿಯಮ. ಗೋಳಿನಲ್ಲಿರುವವರ ಹತ್ತಿರ ಏನನ್ನೂ ಮಾರಬಾರದು, ಸತ್ಯವನ್ನು ಕೂಡ. ಇದಕ್ಕೆ ಒಪ್ಪದ ಹಿರಿಯರೊಬ್ಬರು ಇಂದಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ನಮ್ಮವರಾದರೆ 23ನೇ ಕೀರ್ತನೆ ಓದುತ್ತಿದ್ದೆ. ‘ಯೆಹೋವನು ನನಗೆ ಕುರುಬನು’ ಅನ್ನುವಷ್ಟರಲ್ಲಿ ಕನ್ನಡಕ ಮಂಜು ಕಟ್ಟುತ್ತಿತ್ತು, ಉಳಿದದ್ದು ಬಾಯಿಪಾಠದಿಂದ. ಅವ್ವ ಚಿಕ್ಕಂದಿನಲ್ಲಿ ಬೈದು ಬೈದು ಕಲಿಸಿದ್ದು. ಮಾಸ್ಕಿನೊಳಗಿಂದ ಹೊರಗೆ ಎಷ್ಟು ಕೇಳಿಸುತ್ತಿತ್ತೋ ಗೊತ್ತಿಲ್ಲ. ಮನೆಯವರಿಗೆ ತೋರಿಸಲು ಫೋನ್ ಹಿಡಿದವನು ಹತ್ತಿರ ಬರುತ್ತಿದ್ದ.

ಭಯ ಹೋಯಿತಾ ಅಂದರೆ, ಇಲ್ಲ. ಗಂಟಲು ಸ್ವಲ್ಪ ಕೆರೆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಏಪ್ರಿಲ್‌ನಲ್ಲಿ 45 ದಾಟಿದವರಿಗೆ ಲಸಿಕೆ ಶುರುವಾದಾಗ ಮೊದಲ ವಾರವೇ ಹೋಗಿ ಹಾಕಿಸಿಕೊಂಡೆ. ಕೆಲಸ ಹೆಚ್ಚಿದ ದಿನ ಭಯ ಕಡಿಮೆ ಇರುತ್ತಿತ್ತು, ಕೆಲಸ ಇಲ್ಲದ ದಿನ ಜಾಸ್ತಿ. ಅದಕ್ಕೆ ಖಾಲಿ ಇರುವ ದಿನ ಪಟ್ಟಿ ತೊಳೆಯುವುದು, ಮರದ ಶಿಲುಬೆಗಳ ಮೇಲೆ ಹೆಸರು ಬರೆಯುವುದು ಮಾಡುತ್ತಿದ್ದೆ. ಹೆಸರಿನ ಕಾಗುಣಿತವನ್ನು ಆಸ್ಪತ್ರೆಯ ಚೀಟಿ ನೋಡಿ ಬರೆಯಬಾರದು, ಮನೆಯವರಿಗೇ ಫೋನ್ ಮಾಡಿ ಕೇಳಬೇಕು. ಚೀಟಿಯಲ್ಲಿ ಅರ್ಧಕ್ಕರ್ಧ ತಪ್ಪಿರುತ್ತದೆ.

ಕೋವಿಡ್ ಮುಗಿದ ಮೇಲೆ ತಂಡದ ಹೆಚ್ಚಿನವರು ತಮ್ಮ ತಮ್ಮ ಕೆಲಸಕ್ಕೆ ಹೋದರು. ನಾವು ಕೆಲವರು ಅನಾಥ ಶವಗಳ ಕೆಲಸ ಮುಂದುವರಿಸಿದ್ದೇವೆ. ಪೊಲೀಸರ ಪಂಚನಾಮೆ, ಪೋಸ್ಟ್‌ಮಾರ್ಟಂ, ವಾರಸುದಾರರು ಬರುತ್ತಾರಾ ಅಂತ ಕಾಯುವುದು, ಆಮೇಲೆ ಸ್ಟೇಷನ್ನಿನ ಪತ್ರ. ಆ ಪತ್ರ ಇಲ್ಲದೆ ನಾವು ಹೆಣ ಎತ್ತುವುದಿಲ್ಲ. ಸೇರಬೇಕು ಅಂತ ಬರುವ ಹುಡುಗರಲ್ಲಿ ಹೆಚ್ಚಿನವರಿಗೆ ಮೊದಲ ದಿನವೇ ಗುಂಡಿಯ ಹತ್ತಿರ ನಿಲ್ಲುವ ಆಸೆ. ನಾನು ಮೊದಲ ತಿಂಗಳು ಯಾರಿಗೂ ಹಗ್ಗ ಕೊಡುವುದಿಲ್ಲ. ಫೈಲ್ ಹಿಡಿದುಕೊಂಡು ಸ್ಟೇಷನ್ನಿಗೆ, ಶವಾಗಾರಕ್ಕೆ ನನ್ನ ಜೊತೆ ಬರಬೇಕು. ಸ್ಟೇಷನ್ನಿನ ದಾಖಲೆ ಬರೆಯುವ ರೈಟರ್ ಊಟಕ್ಕೆ ಹೋಗಿರುತ್ತಾರೆ, ಸಾಹೇಬರ ಸಹಿ ಆಗಿರುವುದಿಲ್ಲ, ನಾಳೆ ಬನ್ನಿ ಅನ್ನುತ್ತಾರೆ. ನಾಳೆ ಮತ್ತೆ ಬರುವವನು ಯಾರು ಅಂತ ನೋಡಿಕೊಂಡು ಆಮೇಲೆ ಕೆಲಸ ಹಂಚುತ್ತೇನೆ.