ಐದು ಪಾತ್ರ, ಒಂದು ಬೊಗಸೆ ಗೋವಿನಜೋಳ: ನನ್ನ ಎರಡನೇ ಆರ್‌ಪಿಜಿ ನಿಂತ ಬಗೆ

ನನ್ನ ಆರ್‌ಪಿಜಿ, ಅಂದರೆ ಪಾತ್ರಗಳ ತಂಡ ಕಟ್ಟಿ ಶತ್ರುಗಳ ಜೊತೆ ಕಾದಾಡುವ ಆಟ, ಅದರ ಮೊದಲ ಭಾಗದಲ್ಲಿ ಒಂಬತ್ತು ಪಾತ್ರಗಳಿದ್ದವು. ಎಲ್ಲಾ ಸೇರಿ ನೂರರ ಮೇಲೆ ಸ್ಕಿಲ್, ಅಂದರೆ ಫೈಟಿನಲ್ಲಿ ಬಳಸುವ ವಿದ್ಯೆ. ಬೆಂಕಿ ಒಂದು, ಬೆಂಕಿ ಎರಡು, ಬೆಂಕಿ ಮೂರು ಅಂತ ತುಂಬಿದ್ದೆ. ಆಡಿದ ಒಂದಿಪ್ಪತ್ತು ಮಂದಿಯ ಸೇವ್ ಫೈಲ್ (ಯಾರು ಹೇಗೆ ಆಡಿದರು ಅನ್ನುವುದು ಉಳಿಯುವ ಫೈಲ್) ತರಿಸಿಕೊಂಡು ನೋಡಿದೆ. ಎಲ್ಲರದ್ದೂ ಒಂದೇ ಕಥೆ. ಒಬ್ಬ ಹೊಡೆಯುವವ, ಒಬ್ಬಳು ಜೀವ ತುಂಬುವವಳು, ಜೊತೆಗೆ ಸುಮ್ನೆ ಇಬ್ಬರು. ಉಳಿದ ಐದು ಮಂದಿ ಊರು ಬಿಟ್ಟು ಹೊರಗೇ ಬಂದಿರಲಿಲ್ಲ. ಒಂದೊಂದು ಪಾತ್ರದ ಚಿತ್ರಕ್ಕೆ ನಾಲ್ಕೂವರೆ ಸಾವಿರ ಕೊಟ್ಟಿದ್ದೆ. ಲೆಕ್ಕ ನೀವೇ ಹಾಕಿ. ಒಟ್ಟು ಖರ್ಚು 75 ಸಾವಿರದ ಹತ್ತಿರ, ಬಂದದ್ದು 11 ಸಾವಿರ.

ಎರಡನೇ ಭಾಗಕ್ಕೆ ಐದೇ ಪಾತ್ರ, ಫೈಟಿಗೆ ಅವರಲ್ಲಿ ನಾಲ್ವರು ಅಂತ ಗಟ್ಟಿ ಮಾಡಿಕೊಂಡೆ. ಒಬ್ಬರಿಗೆ ನಾಲ್ಕೇ ಸ್ಕಿಲ್. ಅದರ ಮೇಲೆ ಹೀಲರ್, ಅಂದರೆ ಜೀವ ತುಂಬುವ ಪಾತ್ರ, ಬೇಡವೇ ಬೇಡ. ಫೈಟ್ ಮುಗಿದರೆ ಜೀವ ತಾನೇ ತುಂಬುತ್ತದೆ, ಫೈಟಿನ ಒಳಗೆ ಒಂದು ಹನಿಯೂ ಸಿಗುವುದಿಲ್ಲ. ಇದನ್ನು ಕೇಳಿ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. ವಿದ್ಯಾನಗರದಲ್ಲಿ ಮಿರ್ಚಿ ತಿನ್ನುತ್ತಾ ನನ್ನ ಹಳೇ ರೂಮ್‌ಮೇಟ್ ಅಂದದ್ದು ಇನ್ನೂ ಕಿವಿಯಲ್ಲಿದೆ: "ಹೀಲರ್ ಇಲ್ಲಂದ್ರ ಯಾರ್ ಆಡ್ತಾರಲೇ? ಮೂರನೇ ಫೈಟಿಗೆ ಡಿಲೀಟ್ ಮಾಡ್ತಾರ." ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯನೂ ಹಾಗೇ ಅಂದ. ಕಡಿಮೆ ಅಂದರೂ 40 ಸ್ಕಿಲ್ ಬೇಕಂತೆ.

ನನ್ನ ನಿಯಮ ಒಂದೇ ಇತ್ತು. ಒಬ್ಬರ ಸ್ಕಿಲ್‌ನ ಬೆಲೆಯನ್ನು ಇನ್ನೊಬ್ಬರು ತೆರಬೇಕು. ಇಂಥ ಆಟಗಳಲ್ಲಿ ಸ್ಕಿಲ್‌ಗೆ ಖರ್ಚಾಗುವ ಎಂಪಿ, ಟಿಪಿ ಅನ್ನುವ ಶಕ್ತಿಯ ಅಂಕ ಅಲ್ಲ. ಜೊತೆಯವರ ಜೀವ, ಜೊತೆಯವರ ಪಾಳಿ.

ಇದನ್ನು ಕಂಪ್ಯೂಟರಿನಲ್ಲಿ ಮಾಡಲು ಹೋಗಿ ಎರಡು ತಿಂಗಳು ಹಾಳಾಯಿತು. ಒಂದು ಸಂಖ್ಯೆ ಬದಲಿಸು, ಟೆಸ್ಟ್ ಒತ್ತು, ಸಾಯಿ, ಮತ್ತೆ ಬದಲಿಸು. ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿದೆ. ಗದಗದಲ್ಲಿ ಪ್ರೆಸ್‌ಗಳಿಗೇನು ಬರವಿಲ್ಲ. ಅಲ್ಲೊಂದು ಕಡೆ ಲಗ್ನಪತ್ರಿಕೆಯ ಉಳಿದ ಕಾರ್ಡುಗಳನ್ನು ಒಂದೇ ಅಳತೆಗೆ ಕತ್ತರಿಸಿಕೊಡಿ ಅಂದೆ. ಸುಮಾರು 300 ಕಾರ್ಡು, 180 ರೂಪಾಯಿ. ಹಿಂಬದಿ ಖಾಲಿ ಇತ್ತು, ಅದರಲ್ಲಿ ಸ್ಕಿಲ್ ಬರೆದೆ. ಜೀವಕ್ಕೆ ಗೋವಿನಜೋಳದ ಕಾಳು. ಅಣ್ಣನ ಮಗ, ಅವನ ಇಬ್ಬರು ಗೆಳೆಯರು, ನಾನು. ನಾಲ್ಕು ತಿಂಗಳು, ವಾರಕ್ಕೆ ಮೂರು ಸಂಜೆ. 200 ಫೈಟ್ ದಾಟಿದ್ದೇವೆ ಅಂತ ನನ್ನ ಅಂದಾಜು.

ಕಾಳು ಎಣಿಸಬೇಕಲ್ವಾ? ಅದಕ್ಕೇ ಜೀವ 24ಕ್ಕಿಂತ ಜಾಸ್ತಿ ಇಡಲು ಆಗಲಿಲ್ಲ. ಇದೇ ನನ್ನನ್ನು ಉಳಿಸಿದ್ದು. 24 ಕಾಳಿನಲ್ಲಿ ಮೂರು ಹೋದರೆ ಆಡುವವರಿಗೆ ಹೊಟ್ಟೆ ಚುರ್ ಅನ್ನುತ್ತದೆ. 2,400ರಲ್ಲಿ 300 ಹೋದರೆ ಯಾರೂ ನೋಡುವುದಿಲ್ಲ. ಆದರೆ ಆರ್‌ಪಿಜಿ ಮೇಕರ್ ಎಂಜೆಡ್‌ಗೆ (ಇಂಥ ಆಟ ಕಟ್ಟುವ ಸಾಫ್ಟ್‌ವೇರ್) ತಂದಾಗ ಎಲ್ಲಾ ಕುಸಿಯಿತು. ಅದರ ಮಾಮೂಲಿ ಸೂತ್ರ ಹೊಡೆಯುವವರ ದಾಳಿಯ ನಾಲ್ಕರಷ್ಟರಲ್ಲಿ ಏಟು ತಿನ್ನುವವರ ರಕ್ಷಣೆಯ ಎರಡರಷ್ಟು ಕಳೆಯುವುದು. ಚಿಕ್ಕ ಸಂಖ್ಯೆಯಲ್ಲಿ ಇದು ನಡೆಯುವುದೇ ಇಲ್ಲ. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಒಂದೇ ಏಟಿಗೆ ಸಾವು. ಸೂತ್ರ ಕಿತ್ತು ಹಾಕಿದೆ. ಪ್ರತಿ ಸ್ಕಿಲ್‌ಗೂ ನೇರ ಸಂಖ್ಯೆ ಕೊಟ್ಟೆ. ತಾನಾಗಿ ಬರುವ 20% ಏರುಪೇರನ್ನೂ ಸೊನ್ನೆ ಮಾಡಿದೆ. ಮೂರು ಅಂದರೆ ಮೂರೇ ಕಾಳು.

ಈಗ ಪಾತ್ರಗಳು. ಪೈಲ್ವಾನನಿಂದ ಶುರು ಮಾಡಿದೆ. ಅವನ ಪಟ್ಟು ಬಿದ್ದರೆ ಶತ್ರು ಅಲ್ಲಾಡುವುದಿಲ್ಲ, ಪೈಲ್ವಾನನೂ ಅಲ್ಲಾಡುವುದಿಲ್ಲ. ಮೊದಲ ರೂಪದಲ್ಲಿ ಇದು ಆಟವನ್ನೇ ಕೆಡಿಸಿತು. ಬಾಸ್‌ನನ್ನು, ಅಂದರೆ ದೊಡ್ಡ ಶತ್ರುವನ್ನು, ಹಿಡಿದು ನಿಲ್ಲಿಸಿ ಉಳಿದ ಮೂವರು ಬಡಿದರೆ ಆರು ಸುತ್ತಿಗೆ ಮುಗಿಯುತ್ತಿತ್ತು. ಆಮೇಲೆ ಜೊತೆಯವರ ಪ್ರತಿ ಏಟಿಗೂ ಹಿಡಿತ ಸಡಿಲವಾಗುವಂತೆ ಮಾಡಿದೆ. ನಾಲ್ಕನೇ ಏಟಿಗೆ ಶತ್ರು ಬಿಡಿಸಿಕೊಂಡು ಪೈಲ್ವಾನನಿಗೇ ತಿರುಗಿ ಬೀಳುತ್ತಾನೆ. ಮೇಕರ್‌ನಲ್ಲಿ ಏಟು ಬಿದ್ದರೆ ಸ್ಟೇಟ್ (ಹಿಡಿತದಂಥ ಸ್ಥಿತಿ) ಹೋಗುವ ಆಯ್ಕೆ ಇದೆ, ಆದರೆ ಅದು ಶೇಕಡಾ ಲೆಕ್ಕ. ನನಗೆ ಎಣಿಕೆ ಬೇಕಿತ್ತು. ಚಿಕ್ಕ ಪ್ಲಗಿನ್, ಅಂದರೆ ಮೇಕರ್‌ಗೆ ಸೇರಿಸುವ ಕೋಡ್, ನಾನೇ ಬರೆದೆ.

ಕೌದಿ ಅಜ್ಜಿ ನನಗೆ ಎಲ್ಲರಿಗಿಂತ ಹೆಚ್ಚು ಇಷ್ಟ. ಹೀಲರ್ ಜಾಗದಲ್ಲಿ ನಿಂತವಳು ಇವಳೇ. ಇಬ್ಬರನ್ನು ಸೇರಿಸಿ ಹೊಲಿಗೆ ಹಾಕುತ್ತಾಳೆ. ಆಮೇಲೆ ಒಬ್ಬರಿಗೆ ಬಿದ್ದ ಏಟು ಇಬ್ಬರಿಗೂ ಅರ್ಧರ್ಧ. ಸಾಯಬೇಕಾದವ ಬದುಕುತ್ತಾನೆ, ಗಟ್ಟಿಯಾಗಿದ್ದವ ಸವೆಯುತ್ತಾನೆ. ಮನೆಯಲ್ಲಿ ಅಮ್ಮ ಹಳೇ ಸೀರೆ ತುಂಡು ಜೋಡಿಸಿ ಕೌದಿ ಹೊಲಿಯುವುದನ್ನು ನೋಡುತ್ತಾ ಕೂತಾಗ ಹೊಳೆದದ್ದು ಇದು. ಬೆಸ ಸಂಖ್ಯೆಯ ಏಟು ಬಿದ್ದಾಗ ಉಳಿದ ಒಂದು ಕಾಳು ಯಾರಿಗೆ ಹೋಗಬೇಕು ಅಂತ ಮೂರು ಸಂಜೆ ಜಗಳ ನಡೆಯಿತು. ಕೊನೆಗೆ ಅಜ್ಜಿಗೇ ಹೋಗಲಿ ಅಂತ ಇಟ್ಟೆವು. ಆ ಒಂದು ಕಾಳಿನಿಂದ ಅಜ್ಜಿಯನ್ನು ಕಾಯುವುದು ಆಟದ ಜೀವಾಳವಾಯಿತು.

ಬ್ಯಾಡಗಿ ದಲಾಲಿಯ ವಿಷಯಕ್ಕೆ ಎಲ್ಲರೂ ಖಾರ ಅಂದರೆ ಉರಿ, ಬೆಂಕಿ ದಾಳಿ ಕೊಡು ಅಂದರು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾ? ಅದಕ್ಕೇ ಅವನ ಏಟಿಗೆ ಒಂದೇ ಕಾಳು. ಆದರೆ ಶತ್ರುವಿಗೆ ಬಣ್ಣ ಹತ್ತುತ್ತದೆ. ಬಣ್ಣ ಹತ್ತಿದ ಶತ್ರುವಿಗೆ ಮುಂದೆ ಹೊಡೆಯುವವರ ಏಟು ದುಪ್ಪಟ್ಟು. ಬೆಲೆ ಏನೆಂದರೆ, ಆ ಶತ್ರು ಮುಂದಿನ ಸುತ್ತಿನಲ್ಲಿ ಅದೇ ಹೊಡೆದವರನ್ನೇ ಹುಡುಕಿಕೊಂಡು ಬರುತ್ತಾನೆ.

ಹಲಗಿಯವ ಪಾಳಿ ಬದಲಿಸುತ್ತಾನೆ. ಮೂರು ಪೆಟ್ಟಿನಲ್ಲಿ ಯಾರನ್ನು ಹಿಂದೆ ತಳ್ಳುತ್ತಾನೆ, ಯಾರನ್ನು ಮುಂದೆ ತರುತ್ತಾನೆ ಅನ್ನುವ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ. ಆ ಲೆಕ್ಕ ಕೂಡಿಸಲಿಕ್ಕೇ ಐದು ವಾರ ಹಿಡಿದಿದೆ. ಆಡಿ ನೋಡಿ, ಕಂಡುಹಿಡಿದರೆ ನಿಮ್ಮದು.

ಇವನ ಹಿಂದೆ ಬಿದ್ದು ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಹಾವೇರಿ ಕಡೆಯ ಇಬ್ಬರು ಹಲಗಿ ಬಾರಿಸುವವರನ್ನು ಕರೆಸಿ ರೆಕಾರ್ಡ್ ಮಾಡಿದೆ. ತಾಳಕ್ಕೆ ಸರಿಯಾಗಿ ಬೆರಳು ತಟ್ಟಿದರೆ ಏಟು ಜೋರು ಅಂತ ಇಡುವ ಆಸೆ. ಲ್ಯಾಪ್‌ಟಾಪಿನಲ್ಲಿ ಮೈ ಜುಂ ಅನ್ನುವಂತೆ ಬಂತು. ಅಗ್ಗದ ಫೋನಿನಲ್ಲಿ ತಟ್ಟಿದ ಮೇಲೆ ಸದ್ದು ತಡವಾಗಿ ಬರುತ್ತಿತ್ತು, ಒಂದೊಂದು ಫೋನಿಗೆ ಒಂದೊಂದು ತರ. ಮೂರು ವಾರ, ಆರು ಸಾವಿರ ಹೋಯಿತು. ಆ ಸದ್ದನ್ನು ಈಗ ಗೆದ್ದಾಗ ಬಾರಿಸಲು ಇಟ್ಟಿದ್ದೇನೆ. ಅದನ್ನು ಕೇಳಲೆಂದೇ ಮತ್ತೆ ಆಡಿದೆವು ಅಂತ ಬರೆದವರಿದ್ದಾರೆ.

ಐದನೆಯವ ಹೆಳವ. ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳುವವರನ್ನು ನೀವೂ ನೋಡಿರುತ್ತೀರಿ. ಇವನು ಶತ್ರುವಿನ ಪೀಳಿಗೆ ಹೇಳಿದರೆ ಅವನ ಮುಂದಿನ ಎರಡು ನಡೆ ತೆರೆದುಕೊಳ್ಳುತ್ತವೆ. ಹೇಳುತ್ತಿರುವಷ್ಟು ಹೊತ್ತು ಜೊತೆಯವರಲ್ಲಿ ಒಬ್ಬರು ಪಾಳಿ ಬಿಟ್ಟು ಕೇಳುತ್ತಾ ನಿಲ್ಲಬೇಕು.

ಪಾತ್ರಗಳ ಮಾತು ಪರದೆಯ ಮೇಲೆ ಮೂಡುವ ಕಿಟಕಿಯ ಕಥೆ ಹೇಳದೆ ಇದ್ದರೆ ಕನ್ನಡದಲ್ಲಿ ಮಾಡುವವರಿಗೆ ಮೋಸವಾಗುತ್ತದೆ. ಸ್ಕಿಲ್ ಹೆಸರು ಸರಿಯಾಗಿ ಬರುತ್ತಿತ್ತು, ಸಂಭಾಷಣೆ ಮಾತ್ರ ಒಡೆದು ಚೂರಾಗುತ್ತಿತ್ತು. ಆ ಕಿಟಕಿ ಒಂದೊಂದೇ ಅಕ್ಷರ ಬಿಡಿಸುತ್ತದೆ. 'ಕತ್ತಿ' ಅನ್ನುವುದು ಐದು ತುಂಡಾಗಿ, ಗುಡಿಸು ಬೇರೆ, ಒತ್ತು ಬೇರೆ ನಿಲ್ಲುತ್ತಿತ್ತು. ಸರಿ ಮಾಡಿಕೊಡುತ್ತೇನೆ ಅಂತ ಒಬ್ಬರು 12 ಸಾವಿರ ತೆಗೆದುಕೊಂಡು ಫಾಂಟ್ ಬದಲಿಸಿ ಕೊಟ್ಟರು. ತೊಂದರೆ ಫಾಂಟಿನದ್ದಲ್ಲ. ಆಮೇಲೆ ಖಾಲಿ ಜಾಗ ಬರುವ ತನಕ ಕೂಡಿಟ್ಟು ಒಂದೊಂದು ಪದವನ್ನು ಇಡಿಯಾಗಿ ಬಿಡಿಸುವಂತೆ ನಾನೇ ತಿದ್ದಿದೆ. ಮೂವತ್ತು ಸಾಲೂ ಇಲ್ಲ. ಸಮಯ ಓಡುವ ಫೈಟ್ ಪದ್ಧತಿಯನ್ನೂ ಆಗಲೇ ಬಿಟ್ಟೆ. ಸ್ಕಿಲ್ ವಿವರ ಓದುವಷ್ಟರಲ್ಲಿ ಏಟು ಬೀಳುತ್ತಿತ್ತು. ಹಳೇ ಪಾಳಿ ಪದ್ಧತಿಯೇ ವಾಸಿ.

ಪ್ಲೇ ಸ್ಟೋರ್‌ನ 25 ಡಾಲರ್ ಕಟ್ಟಿದ ಮೇಲೆ, ಆಟ ಬಿಡುಗಡೆ ಮಾಡುವ ಮೊದಲು, 12 ಮಂದಿ ಪರೀಕ್ಷಕರನ್ನು 14 ದಿನ ಹಿಡಿದಿಡಬೇಕಿತ್ತು. ಅತ್ತಿಗೆ, ಅವರ ಕಚೇರಿಯವರು, ಧಾರವಾಡದ ಹಾಸ್ಟೆಲ್ ಹುಡುಗರು, ಎಲ್ಲರನ್ನೂ ಸೇರಿಸಿದೆ. ಅತ್ತಿಗೆ ಮೊದಲು ಯಾವ ಆಟವನ್ನೂ ಆಡಿದವರಲ್ಲ. ಎಂಟನೇ ದಿನ ಕೌದಿ ಅಜ್ಜಿಯನ್ನು ಪೈಲ್ವಾನನ ಜೊತೆ ಹೊಲಿದು ಬಾಸ್‌ನನ್ನು ಕೆಡವಿದರು. ನಾಲ್ಕು ತಿಂಗಳು ಕಾಳು ಎಣಿಸಿದ ನಮಗೆ ಆ ಜೋಡಿ ಹೊಳೆದಿರಲಿಲ್ಲ. ಆ ಸಂಜೆ ಎಲ್ಲರಿಗೂ ಪೇಡಾ ಹಂಚಿದೆ.

ಈ ಸಲ ಖರ್ಚು 58 ಸಾವಿರ ಇರಬಹುದು. 149 ರೂಪಾಯಿಗೆ ಇಟ್ಟೆ, ದೀಪಾವಳಿಯಿಂದ 640 ಪ್ರತಿ ಹೋಗಿವೆ. ಕಡಿತವೆಲ್ಲಾ ಹೋಗಿ ಕೈಗೆ 70 ಸಾವಿರದ ಆಸುಪಾಸು ಬಂದಿದೆ. ಡಿಲೀಟ್ ಮಾಡ್ತಾರ ಅಂದವ ಎರಡು ಸಲ ಮುಗಿಸಿ, ಹೊಲಿಗೆಯ ಲೆಕ್ಕ ಕೇಳಲು ಫೋನ್ ಮಾಡಿದ್ದ.

ಹೊಸ ಸೇವ್ ಫೈಲ್‌ಗಳೂ ಬಂದಿವೆ. ಫೈಟಿಗೆ ನಾಲ್ವರೇ ಇಳಿಯಬಹುದು, ಐವರಲ್ಲಿ ಒಬ್ಬರು ಹೊರಗೆ ಕೂರಬೇಕು. ಎಲ್ಲರಿಗೂ ಸರದಿ ಸಿಗುತ್ತಿದೆ, ಆದರೆ ಮೂರರಲ್ಲಿ ಒಬ್ಬರು ಹೆಳವನನ್ನೇ ಕೂರಿಸುತ್ತಿದ್ದಾರೆ. ಅವನ ಎತ್ತಿಗೂ ಒಂದು ಸ್ಕಿಲ್ ಕಾರ್ಡು ಬರೆದಿದ್ದೇನೆ. ಹತ್ತು ಫೈಟ್ ಆಡಿದ್ದೇವೆ. ಸದ್ಯಕ್ಕೆ ಎತ್ತು ಎರಡು ಕಾಳು ಜಾಸ್ತಿ ತಿನ್ನುತ್ತಿದೆ.